ಹಂಗೇರಿಯ ಹಾಳೆ, ಸುಳ್ಳು ಕೊಂಡಿ

ಜೂನ್ 3, ಸೋಮವಾರ

ಬೆಳಿಗ್ಗೆ ಒಂದು ಹಾಸು, ಮಗ್ಗಕ್ಕೆ ಏರಿಸುವ ಉದ್ದನೆಯ ನೂಲು, ಮುಗಿಯಿತು. ಎರಡನೆಯದಕ್ಕೆ ಕೂತಿದ್ದೆ. ಅಷ್ಟರಲ್ಲಿ ಬಾಗಲಕೋಟೆಯಿಂದ ಮಹಾಂತೇಶನ ಹಾಳೆ ಬಂತು. ನೇಕಾರರ ಸಂಸ್ಥೆಗೆ ಅವನೇ ದೊಡ್ಡ ಸಾಹೇಬ. ತಂದವಳು ಸುಧಾರಾಣಿ. ಗುಡೂರಿನವಳು, ಸಂಸ್ಥೆಯಲ್ಲೇ ಕೆಲಸ, ಇಂಗ್ಲಿಷ್ ಬರುತ್ತದೆ. "ಹಂಗೇರಿಗೆ ಹೋಗುವವರು ತಿಳಿದಿರಬೇಕಾದ ರೀತಿ-ರಿವಾಜು" ಅಂತ ಮೇಲೆ ದಪ್ಪ ಅಕ್ಷರ. ಕೆಳಗೆ ಹದಿನಾಲ್ಕು ಕಲಮು. ಅರವತ್ತೇಳು ವರ್ಷದವಳಿಗೆ ಹೇಗೆ ಕೂಡಬೇಕು, ಹೇಗೆ ಏಳಬೇಕು ಅಂತ ಹದಿನಾಲ್ಕು ಕಲಮು.

ಹೋಗುವುದು ನಾನು. ಆಗಸ್ಟ್‌ನಲ್ಲಿ ಹತ್ತು ದಿನ, ಬುಡಾಪೆಸ್ಟ್‌ನಲ್ಲಿ ಕೈಕೆಲಸದ ಹಬ್ಬವಂತೆ. ನಮ್ಮ ಸೀರೆಯ ಕೊಂಡಿ ಹಾಕಿ ತೋರಿಸಬೇಕು. ಒಬ್ಬರಿಗೇ ಜಾಗ. ಕರೆದವಳು ಇಲ್ದಿಕೊ. ಚಳಿಗಾಲದಲ್ಲಿ ಬಾದಾಮಿ ನೋಡಲು ಬಂದವಳು ನಮ್ಮ ಇಳಕಲ್ಲಿಗೂ ಬಂದಿದ್ದಳು. ಅರ್ಧ ದಿನ ನನ್ನ ಮಗ್ಗುಲಲ್ಲಿ ಕೂತಳು. ಫೋಟೋ ಹೊಡೆಯಲಿಲ್ಲ. ಬರೀ ಕೈ ನೋಡಿದಳು. ಆ ಗುಣ ಹಿಡಿಸಿತು.

ಹಾಳೆಯ ಜೊತೆಗಿನ ಪತ್ರದಲ್ಲಿ ಮಹಾಂತೇಶ "ಗಂಟು ಹಾಕುವ ಕಲೆ" ಎಂದು ಬರೆದಿದ್ದಾನೆ. ಓದಿ ಮೈ ಉರಿಯಿತು. ಗಂಟಲ್ಲ, ಕೊಂಡಿ. ಸೀರೆಯ ಒಡಲಿನ ಎಳೆ ಬೇರೆ, ಸೆರಗಿನ ಕೆಂಪು ಎಳೆ ಬೇರೆ. ಎರಡರ ತುದಿಯನ್ನೂ ಒಂದರೊಳಗೊಂದು ಸಿಕ್ಕಿಸಿ ಹಿಂದಕ್ಕೆ ತಿರುಗಿಸಬೇಕು. ಸಾವಿರಾರು ಎಳೆ, ಒಂದೊಂದಾಗಿ. ಗಂಟು ಕೈಗೆ ತಾಗುತ್ತದೆ, ಕೊಂಡಿ ತಾಗಬಾರದು. ಐವತ್ತೆರಡು ವರ್ಷ ಮಾಡಿದ ಕೆಲಸದ ಹೆಸರನ್ನಾದರೂ ನೆಟ್ಟಗೆ ಬರೆಯಬೇಡವೇ?

ನಾಳೆಯಿಂದ ಸುಧಾರಾಣಿ ದಿನಾ ಬರುತ್ತಾಳಂತೆ. ಹಾಳೆ ಓದಿ ಹೇಳಲು. ಜೊತೆಗೆ ಕೊಂಡಿಯನ್ನೂ ಕಲಿಯುತ್ತಾಳಂತೆ — ಸಂಸ್ಥೆಯಲ್ಲಿ ಯಾರಿಗಾದರೂ ಗೊತ್ತಿರಲಿ ಅಂತ. ಕಲಿಯಲಿ. ನನ್ನ ಮಗಳು ಜಯಶ್ರೀ ಮಗ್ಗಕ್ಕೆ ಕೂತರೆ ಏಳುವುದಿಲ್ಲ, ಆದರೆ ಕೊಂಡಿಗೆ ಅವಳ ಬೆರಳು ಬಗ್ಗಲಿಲ್ಲ.

ಜೂನ್ 5, ಬುಧವಾರ

ಕಲಮು ಒಂದು: ಅಲ್ಲಿ ಮೊದಲು ಮನೆತನದ ಹೆಸರು, ಆಮೇಲೆ ಸ್ವಂತದ್ದು. ಇಲ್ದಿಕೊ ಅಲ್ಲಿ ತಕಾಚ್ ಇಲ್ದಿಕೊ. ತಕಾಚ್ ಅಂದರೆ ನೇಕಾರ ಅಂತೆ. ಅದಕ್ಕೇ ಬಾಯಿ ಮುಚ್ಚಿಕೊಂಡು ಕೈ ನೋಡಿದ್ದು! ನಮ್ಮ ಸಾಲಿಯ ಹಾಜರಿಯಲ್ಲೂ ಮನೆತನವೇ ಮೊದಲಿತ್ತು. ಇದಕ್ಕೇನು ಕಲಮು ಬೇಕಿತ್ತು?

ಕಲಮು ಮೂರು: ಮನೆಯೊಳಗೆ ಹೋಗುವಾಗ ಚಪ್ಪಲಿ ಬಿಡಬೇಕು. ಇದನ್ನು ನನಗೆ ಬಾಗಲಕೋಟೆಯಿಂದ ಬರೆದು ಕಳಿಸುತ್ತಾನೆ. ಅವನೇ ಹೋದ ತಿಂಗಳು ಬೂಟು ಹಾಕಿಕೊಂಡು ಮಗ್ಗದ ತನಕ ಬಂದಿದ್ದ.

ಕಲಮು ಆರು: ಯಾರ ಮನೆಗಾದರೂ ಹೋದರೆ ಹೂವು ಒಯ್ಯಬೇಕು. ಬೆಸ ಸಂಖ್ಯೆ ಇರಬೇಕು. ಸರಿ ಸಂಖ್ಯೆ ಸತ್ತವರಿಗೆ. ಸೇವಂತಿಗೆಯಂತೂ ಬೇಡವೇ ಬೇಡ, ಅದು ಗೋರಿಯ ಹೂವು. ನಮ್ಮ ದೇವರ ತಲೆ ಮೇಲಿನ ಹೂವು ಅವರಿಗೆ ಗೋರಿಯ ಹೂವು! ಜೋರಾಗಿಯೇ ಬೈದೆ. ಸುಧಾರಾಣಿ ನಕ್ಕಳು.

"ಆಯಿ, ನಾ ಬರದದ್ದಲ್ಲರಿ ಇದು. ಓದಾಕತ್ತೇನಿ ಅಷ್ಟ."

ಹುಡುಗಿಯ ಬೆರಳು ಚಲೋ ಇವೆ. ಅವಳಿಗೆ ಹೇಳಲಿಲ್ಲ.

ಜೂನ್ 8, ಶನಿವಾರ

ಕಲಮು ಹತ್ತು: ಬಿಯರ್ ಗ್ಲಾಸಿಗೆ ಗ್ಲಾಸು ತಾಗಿಸಬಾರದು. ನಾನೇನು ಕುಡಿಯಲು ಹೊರಟಿದ್ದೇನೆಯೇ ಅಂತ ಕೂಗಿದೆ. ಜಯಶ್ರೀ ಲಾಳಿ ನಿಲ್ಲಿಸಿ ಒಳಗಿನಿಂದ, "ಯವ್ವಾ, ಓಣಿಗೆಲ್ಲ ಕೇಳಾಕತ್ತೈತಿ" ಅಂದಳು. ಕೇಳಲಿ. ಹಾಳೆ ಕಿತ್ತುಕೊಂಡು ಗೂಡಿನಲ್ಲಿ ತುರುಕಿದೆ. ಉಳಿದ ನಾಲ್ಕು ಕಲಮು ಇನ್ನೊಂದು ದಿನ.

ಹೋಗುವ ಮುಂಚೆ ಸುಧಾರಾಣಿ ಕಾರಣ ಹೇಳಿದಳು. ಹಿಂದೆ ಅವರ ದೇಶದ ಸರದಾರರನ್ನು ವೈರಿಗಳು ಗಲ್ಲಿಗೆ ಹಾಕಿ, ಗ್ಲಾಸು ತಾಗಿಸಿ ಬಿಯರ್ ಕುಡಿದರಂತೆ. ಅಂದಿನಿಂದ ಇವರು ತಾಗಿಸುವುದಿಲ್ಲವಂತೆ. ನೂರೆಪ್ಪತ್ತೈದು ವರ್ಷವಾಯಿತಂತೆ.

ನೂರೆಪ್ಪತ್ತೈದು ವರ್ಷದ ಸಿಟ್ಟು. ಹಾಳೆಯಲ್ಲಿ ಮನಸ್ಸಿಗೆ ಬಂದ ಮಾತು ಇದೊಂದೇ.

ಜೂನ್ 11, ಮಂಗಳವಾರ, ಸಂಜೆ 4

ಇಲ್ದಿಕೊಳ ವಿಡಿಯೋ ಫೋನು. ಸುಧಾರಾಣಿಗೆ ಇವತ್ತು ಸಂಸ್ಥೆಯಲ್ಲಿ ಕೆಲಸ. ಜಯಶ್ರೀ ತನ್ನ ಫೋನನ್ನು ಕಂಬಕ್ಕೆ ಆನಿಸಿಟ್ಟು ನೀರು ಹಿಡಿಯಲು ಹೋದಳು. ಬಾಗಲಕೋಟೆಯಿಂದ ಮಹಾಂತೇಶ, ಅವನ ಕೈಕೆಳಗಿನ ದೀಪಕ ಅದೇ ಫೋನಿಗೆ ಸೇರಿದ್ದರು. ದೀಪಕನೇ ಮಾತು ತಿರುಗಿಸಿ ಹೇಳಿದ. ಇಲ್ದಿಕೊ ನನ್ನ ಬೆರಳು ನೋಡಬೇಕೆಂದಳು. ತೋರಿಸಿದೆ. ನಕ್ಕಳು. ಆಮೇಲೆ ಕೈ ಬೀಸಿ, "ಹಲೋ, ಹಲೋ" ಅಂದಳು. ಈಗ ಶುರು ಮಾಡುತ್ತಾಳೆ ಅಂತ ಸೆರಗು ಸರಿ ಮಾಡಿಕೊಂಡು ಕೂತೆ. ಆಕೆಯ ಮುಖ ಮಾಯವಾಯಿತು. ಮತ್ತೆ ಬರುತ್ತಾಳೆ ಅಂದುಕೊಂಡೆ. ಹಲೋ ಅಂದಿದ್ದಾಳಲ್ಲ.

ಬರಲಿಲ್ಲ. ನಾನು ಕೂತೇ ಇದ್ದೆ. ಬಾಗಲಕೋಟೆಯ ಆ ಇಬ್ಬರೂ ತಮ್ಮ ಫೋನು ಬಂದ್ ಮಾಡಲಿಲ್ಲ, ಅದರ ಕಡೆ ನೋಡಲೂ ಇಲ್ಲ. ಚಹಾ ಬಂತು. ಮಾತಿಗೆ ಕೂತರು.

ಬರೆಯಲು ಕೈ ಬರುತ್ತಿಲ್ಲ.

ಜೂನ್ 13, ಗುರುವಾರ

ಬರೆಯುತ್ತೇನೆ. ಮರೆಯಬಾರದು.

ಮಹಾಂತೇಶ ಅಂದದ್ದು: "ಕೈ ಚಲೋ ಐತಿ, ಬಾಯಿ ಚಲೋ ಇಲ್ಲ. ಅಲ್ಲಿ ಹೋಗಿ ಯಾರಿಗರೆ ಬೈದಳಂದ್ರ ಸಂಸ್ಥೆ ಹೆಸರ ಹೋಗತೈತಿ. ಸುಧಾರಾಣಿ ಕಲೀಲಿ. ಆಮ್ಯಾಲ ಮುದಕಿಗೆ ಆರಾಮಿಲ್ಲಂತ ಒಂದು ಮೇಲ್ ಹಾಕಿದ್ರ ಮುಗೀತು."

ಸುಧಾರಾಣಿಗೆ ಇದು ಗೊತ್ತೇ ಅಂತ ದೀಪಕ ಕೇಳಿದ. ಈಗಲೇ ಹೇಳಬೇಡ, ಮೊದಲು ಕೈ ಕೂಡಲಿ ಅಂದ ಮಹಾಂತೇಶ. ಚಹಾ ಕುಡಿದು ಎದ್ದರು.

ಇವತ್ತು ಆ ಹುಡುಗಿ ಗೂಡಿನಿಂದ ಹಾಳೆ ತೆಗೆದು ಮುಂದೆ ಓದಿದಳು. ಕಲಮು ಹನ್ನೊಂದು: ಹಂಗೇರಿಯವರು ಹೋಗುವಾಗಲೂ "ಹಲೋ" ಅನ್ನುತ್ತಾರೆ, ಗಾಬರಿಯಾಗಬೇಡಿ. ಮೊನ್ನೆಯೇ ಓದಿದ್ದರೆ ಫೋನು ಬದಿಗಿಟ್ಟು ಏಳುತ್ತಿದ್ದೆ. ಏನೂ ತಿಳಿಯದೆ ಆಗಸ್ಟ್ ತನಕ ಇವಳಿಗೆ ಕಲಿಸುತ್ತ ಕೂತಿರುತ್ತಿದ್ದೆ.

"ನಮ್ಮಾಂಗ ಅಲ್ಲರೀ ಆಯಿ? ನಾವೂ ಹೋಗುವಾಗ 'ಬರ್ತೇನಿ' ಅಂತೇವಿ" ಅಂದಳು.

ನಾನು ಬೈಯದೆ ಎಳೆ ಬಿಡಿಸುತ್ತ ಕೂತದ್ದು ನೋಡಿ ಆರಾಮಿಲ್ಲವೇ ಅಂತ ಕೇಳಿದಳು. ಆರಾಮಿಲ್ಲವೇ! ಇವಳೂ ಅದನ್ನೇ ಕೇಳಬೇಕೇ?

ಜೂನ್ 24, ಸೋಮವಾರ

ಹತ್ತು ದಿನ ಈ ಡೈರಿ ಮುಟ್ಟಲಿಲ್ಲ. ಮಾಡುತ್ತಿರುವುದನ್ನು ಬರೆಯಲು ಮನಸ್ಸಿರಲಿಲ್ಲ. ಇವತ್ತು ಬರೆಯುತ್ತೇನೆ.

ಸುಳ್ಳು ಕಲಿಸಿದೆ.

ಕೊಂಡಿಯ ಎಳೆ ಕೆಳಗಿನಿಂದ ಹೋಗಿ ತಿರುಗಬೇಕು. ಮೊದಲ ವಾರ ಬರೀ ಎಳೆ ಬಿಡಿಸಲು ಹಚ್ಚಿದ್ದೆ, ಕೊಂಡಿಗೆ ಕೂಡಿಸಿದಾಗ ಮೇಲಿನಿಂದ ಅಂತ ಕಲಿಸಿದೆ. ನೋಡಿದರೆ ಒಂದೇ. ಎಳೆದರೂ ಹಿಡಿಯುತ್ತದೆ. ಮಗ್ಗಕ್ಕೆ ಏರಿಸಿ ಗೇಣುದ್ದ ನೇಯ್ದರೆ ಒಂದೊಂದೇ ಬಿಡುತ್ತ ಬರುತ್ತದೆ. ಬುಡಾಪೆಸ್ಟ್‌ನಲ್ಲಿ ಬಿಡಲಿ, ಎಲ್ಲರ ಮುಂದೆ. ಮಹಾಂತೇಶ ತಲೆ ತಗ್ಗಿಸಿ ನಿಲ್ಲಲಿ. ಆಗ ಗೊತ್ತಾಗುತ್ತದೆ ಯಾವುದು ಕೈ, ಯಾವುದು ಬಾಯಿ.

ಹುಡುಗಿ ದಿನಕ್ಕೆ ಇನ್ನೂರು ಹಾಕುತ್ತಾಳೆ ಈಗ. ಎಲ್ಲವೂ ಮೇಲಿನಿಂದ. ಒಂದೂ ತಪ್ಪಿಲ್ಲ.

ಜಯಶ್ರೀ ಕಾಲು ಇಳಿಬಿಡುವ ಮಗ್ಗದ ಕುಣಿಯಿಂದ ಕತ್ತೆತ್ತಿ ಒಮ್ಮೆ ಅವಳ ಕೈ ನೋಡಿದಳು, ಒಮ್ಮೆ ನನ್ನ ಮುಖ ನೋಡಿದಳು. ಕೊಂಡಿ ಹಾಕಲು ಬರದಿದ್ದರೂ ನೇಕಾರಳು. ನಾನು ಕಣ್ಣು ಬಿಟ್ಟೆ. ಮತ್ತೆ ಲಾಳಿ ಎಸೆದಳು.

ಜೂನ್ 27, ಗುರುವಾರ

ಸುಧಾರಾಣಿ ಬಂದವಳು ಹೊಸ್ತಿಲಲ್ಲೇ ನಿಂತಳು. ಮುಖ ಬಾಡಿತ್ತು. ಮಹಾಂತೇಶ ಕರೆದು ಅವಳದೇ ಹೆಸರು ಹಾಕಿದ್ದಾಗಿ ಹೇಳಿದನಂತೆ. ಒಲ್ಲೆ ಅಂದಳಂತೆ. ಶಾರವ್ವನಿಗೆ, ಅಂದರೆ ನನಗೆ, ಆರಾಮಿಲ್ಲ, ಆಕೆಯೇ ಬಿಟ್ಟಳು ಅಂದನಂತೆ.

"ಖರೆ ಏನ್ರಿ ಆಯಿ? ನೀವಾ ಬ್ಯಾಡ ಅಂದ್ರಿ?"

ಅಲ್ಲ ಅನ್ನಬಹುದಿತ್ತು. ನಾಲಿಗೆಯ ತುದಿಗೆ ಬಂದಿತ್ತು. ಅಂದಿದ್ದರೆ ಅಲ್ಲೇ ಮುಗಿಯುತ್ತಿತ್ತು.

ಮೊಣಕಾಲು ನೋವು, ನೀನೇ ಹೋಗು ಅಂದೆ. ಅವಳು ಅತ್ತಳು. ಬಗ್ಗಿ ಕಾಲು ಮುಟ್ಟಿದಳು. ಕಾಲು ಹಿಂದಕ್ಕೆ ಎಳೆದುಕೊಂಡೆ. ನೋವಿದೆ ಅಂತ ಸುಳ್ಳು ಹೇಳಿದ್ದೆನಲ್ಲ, ನೋವಿಗೇ ಎಳೆದೆ ಅಂದುಕೊಂಡಳು.

ಸಿಟ್ಟು ಯಾರ ಮೇಲೆ ಅಂತ ಈಗ ತಿಳಿಯುತ್ತಿಲ್ಲ. ಎಲ್ಲರ ಮೇಲೂ. ಆ ಕಾಲು ಮುಟ್ಟಿದ್ದರ ಮೇಲೂ.

ಜುಲೈ 2, ಮಂಗಳವಾರ

ಮತ್ತೆ ವಿಡಿಯೋ. ಸುಧಾರಾಣಿಯ ಕೈಕೆಲಸ ಇಲ್ದಿಕೊಗೆ ತೋರಿಸಲು. ನಮ್ಮ ಮನೆಯಲ್ಲೇ, ಹಾಸು ಇಲ್ಲೇ ಇದೆಯಲ್ಲ. ಈ ಸಲ ಮಾತೆಲ್ಲ ಸುಧಾರಾಣಿಯದೇ. ಮಹಾಂತೇಶ ಅಲ್ಲಿಂದ ನೋಡುತ್ತಿದ್ದ. ನಾನು ಫೋನಿಗೆ ಕಾಣದಂತೆ ಗೋಡೆಗೆ ಒರಗಿ ಕೂತಿದ್ದೆ.

ಹುಡುಗಿ ಶುರು ಮಾಡಿದಳು. ಹತ್ತು ಎಳೆ. ಇಪ್ಪತ್ತು. ಇಲ್ದಿಕೊ ಬರೀ ಕೈ ನೋಡಿದಳು. ಆಮೇಲೆ ಏನೋ ಕೇಳಿದಳು. ಸುಧಾರಾಣಿ ಕೈ ನಿಲ್ಲಿಸಿದಳು. ಮತ್ತೆ ಕೇಳಿದಳು. ಈ ಹುಡುಗಿ ನನ್ನ ಕಡೆ ತಿರುಗಿದಳು.

"ಆಯಿ, ಚಳಿಗಾಲದಾಗ ನಿಮ್ಮ ಕೈ ಕೆಳಗಿಂದ ಹೋಗತಿತ್ತಂತ. ನಂದು ಮ್ಯಾಲಿಂದ ಯಾಕ ಹೊಂಟೈತಿ ಅಂತ ಕೇಳಾಕತ್ತಾರ."

ಆರು ತಿಂಗಳ ಹಿಂದೆ ಅರ್ಧ ದಿನ ನೋಡಿದವಳು. ತಕಾಚ್. ಮರೆತಿರಲಿಲ್ಲ.

ಮಹಾಂತೇಶ ನಡುವೆ ಬಾಯಿ ಹಾಕಿ, ಎರಡೂ ಒಂದೇ ಅಂತೇನೋ ಹೇಳತೊಡಗಿದ. ಎರಡೂ ಒಂದೇ! ಅದನ್ನು ಕೇಳಿ ಕೂಡಲಾಗಲಿಲ್ಲ. ಎದ್ದು ಹೋಗಿ ಹುಡುಗಿಯ ಮಗ್ಗುಲಲ್ಲಿ ಕೂತೆ. ಎಳೆದರೆ ಹಿಡಿದರೂ ತಳ್ಳಿದರೆ ನಿಲ್ಲುವುದಿಲ್ಲ; ಅವಳು ಹಾಕಿದ್ದನ್ನು ಉಗುರಿನಿಂದ ತಳ್ಳಿದೆ. ಮೂರು ಕೊಂಡಿ ಸರ್ರನೆ ಬಿಚ್ಚಿಕೊಂಡವು. ಅವಳ ಬಾಯಿ ತೆರೆದೇ ಉಳಿಯಿತು. ಅವೇ ಮೂರನ್ನು ಕೆಳಗಿನಿಂದ ಹಾಕಿ ತೋರಿಸಿದೆ. ಕಣ್ಣು ಮುಚ್ಚಿಯೂ ಹಾಕಬಲ್ಲೆ.

"ಈಕಿ ತಪ್ಪಲ್ಲ. ನಾನಾ ಸುಳ್ಳ ಕಲಿಸೀನಿ. ಮೊಣಕಾಲ ನೋವೂ ಸುಳ್ಳ, ನಾ ಬಿಟ್ಟಿಲ್ಲ, ಸಾಹೇಬ ಬಿಡಿಸ್ಯಾನ. ಹೇಳು ಆಕಿಗೆ" ಅಂದೆ.

ಸುಧಾರಾಣಿ ಮೊದಲು ತನ್ನ ಬೆರಳು ನೋಡಿಕೊಂಡಳು. ನನ್ನ ಮುಖ ನೋಡಿದಳು. ಇಪ್ಪತ್ತೈದು ದಿನ ಕೂತು, ಬೆರಳ ತುದಿ ಕೆಂಪಗೆ ಮಾಡಿಕೊಂಡು ಕಲಿತದ್ದು. ಆಮೇಲೆ ಫೋನಿನ ಕಡೆ ತಿರುಗಿ ಮಾತಾಡಿದಳು. ಬಹಳ ಹೊತ್ತು. ಏನು ಹೇಳಿದಳೋ. ಮಹಾಂತೇಶನ ಮುಖ ಮಾತ್ರ ಕಪ್ಪಿಟ್ಟಿತು.

"ಶಾರವ್ವಾರ, ನಿಮಗ ಆರಾಮಿಲ್ಲ, ನೀವು ಸುಮ್ಮ..." ಅಂದ.

"ಆರಾಮ ಅದೇನಿ. ನಿನ್ನ ಚಹಾದ ಮಾತ ಎಲ್ಲಾ ಕೇಳೀನಿ. ಹಲೋ" ಅಂದೆ. ಹಂಗೇರಿಯವರ ಹಲೋ. ಫೋನು ಬೋರಲು ಹಾಕಿದೆ.

ಸುಧಾರಾಣಿ ಚೀಲ ತೆಗೆದುಕೊಂಡು ಎದ್ದಳು. ಬೈಯುತ್ತಾಳೆ ಅಂದುಕೊಂಡೆ. ಬೈದಿದ್ದರೆ ಚಲೋ ಇತ್ತು, ತಿರುಗಿ ನಾನೂ ಬೈಯುತ್ತಿದ್ದೆ. ಚಪ್ಪಲಿ ಮೆಟ್ಟಿಕೊಂಡು, ಈ ಕಡೆ ನೋಡದೆ ಒಂದೇ ಮಾತು ಅಂದಳು.

"ಹೋಗ್ತೇನ್ರಿ."

ಬರ್ತೇನಿ ಅನ್ನಲಿಲ್ಲ. ಈ ಮನೆಯ ಹೊಸ್ತಿಲಲ್ಲಿ ನಿಂತು 'ಹೋಗ್ತೇನಿ' ಅಂತ ಯಾರೂ ಅಂದಿಲ್ಲ. ಹೆಣ ಎತ್ತುವಾಗಲೂ ಅಂದಿಲ್ಲ.

ಜುಲೈ 6, ಶನಿವಾರ

ನಾಲ್ಕು ದಿನ. ಬಂದಿಲ್ಲ.

ಇವತ್ತು ದೀಪಕ ಬಂದಿದ್ದ. ಮಹಾಂತೇಶ ಬರಲಿಲ್ಲ, ಅವನಿಗೆ ಮುಖವಿಲ್ಲ. ಇಲ್ದಿಕೊ ಬರೆದಿದ್ದಾಳಂತೆ: ಶಾರವ್ವನೇ ಬರಲಿ, ಮಾತು ತಿರುಗಿಸುವವರು ಅಲ್ಲೇ ಇದ್ದಾರೆ, ಇನ್ನೊಬ್ಬರಿಗೆ ಜಾಗವಿಲ್ಲ. ಸುಧಾರಾಣಿ ಅವತ್ತು ಫೋನಿನಲ್ಲಿ ಏನು ಹೇಳಿದಳು ಅಂತ ಕೇಳಿದೆ. ದೀಪಕ ನೆಲ ನೋಡಿದ. ಮುದುಕಿ ಸುಳ್ಳು ಕಲಿಸಿದ್ದು ಖರೆ ಅಂದಳಂತೆ. ಸಾಹೇಬರು ಸುಳ್ಳು ಬರೆದದ್ದೂ ಖರೆ, ಹೋಗಬೇಕಾದ ಕೈ ಆ ಮುದುಕಿಯದೇ, ತನ್ನದಲ್ಲ ಅಂದಳಂತೆ.

ತನ್ನ ಜಾಗವನ್ನು ತಾನೇ ನನಗೆ ಬಿಟ್ಟುಕೊಟ್ಟಳು, ನನ್ನ ಸುಳ್ಳನ್ನೂ ಮುಚ್ಚದೆ.

ಸಂಸ್ಥೆಗೂ ಹೋಗುತ್ತಿಲ್ಲವಂತೆ.

ಗೆದ್ದೆಯಲ್ಲ ಯವ್ವಾ ಅಂದಳು ಜಯಶ್ರೀ. ಕೈಯಲ್ಲಿದ್ದ, ನೂಲು ಸುತ್ತಿದ ಕಂಡಿಕೆ ಬೀಸಿ ಒಗೆದೆ. ಗೋಡೆಗೆ ಬಿತ್ತು. ನೂಲೆಲ್ಲ ಸಿಕ್ಕು. ಒಂದು ತಾಸು ಬಿಡಿಸುತ್ತ ಕೂತೆ.

ಮಹಾಂತೇಶನ ಮೇಲಿನ ಸಿಟ್ಟು ಹೋಗಿಲ್ಲ. ಅದು ನೂರೆಪ್ಪತ್ತೈದು ವರ್ಷ ಇರಲಿ. ಆದರೆ ಸುಳ್ಳು ಕೊಂಡಿ ಬಿದ್ದದ್ದು ಅವನ ಕೈಗಲ್ಲ. ಚಲೋ ಬೆರಳಿಗೆ ಕೆಟ್ಟ ರೂಢಿ ಹತ್ತಿಸಿದವಳು ನಾನು. ಬೆರಳು ಬೇಗ ಮರೆಯುವುದಿಲ್ಲ. ದಿನ ಕಳೆದಷ್ಟೂ ಗಟ್ಟಿಯಾಗುತ್ತದೆ.

ಜುಲೈ 7, ಭಾನುವಾರ, ಬೆಳಿಗ್ಗೆ 8

ಗುಡೂರಿನ ಬಸ್ಸು ಒಂಬತ್ತಕ್ಕೆ. ಹಾಸಿನ ತುಂಡು ಸುತ್ತಿ ಚೀಲದಲ್ಲಿಟ್ಟುಕೊಂಡೆ. ಒಡಲಿನ ಬಿಳಿ, ಸೆರಗಿನ ಕೆಂಪು, ನೂರು ಎಳೆ ಇವೆ. ಅವಳ ಮನೆಯ ಕಟ್ಟೆಯ ಮೇಲೆ ಕೂತರೂ ಕಲಿಸಬಹುದು. ಒಳಗೆ ಕರೆಯದಿದ್ದರೆ ಕಟ್ಟೆಯ ಮೇಲೆಯೇ. ಬಾಗಿಲು ಹಾಕಿಕೊಂಡರೆ ಸಂಜೆ ಬಸ್ಸಿನ ತನಕ ಅಲ್ಲೇ ಕೂಡುತ್ತೇನೆ. ನಾಳೆಯೂ ಹೋಗುತ್ತೇನೆ. ಹಂಗೇರಿಗೆ ಇನ್ನೂ ತಿಂಗಳ ಮೇಲಿದೆ. ಅಷ್ಟರಲ್ಲಿ ಆ ಕೈ ಕೆಳಗಿನಿಂದ ಹೋಗಬೇಕು. ಹೋಗದಿದ್ದರೆ ನಾನು ಆ ವಿಮಾನ ಹತ್ತುವುದಿಲ್ಲ. ಮಹಾಂತೇಶ ಏನಾದರೂ ಅನ್ನಲಿ, ಇಲ್ದಿಕೊ ಏನಾದರೂ ಅನ್ನಲಿ.

ಹೂವನ್ನೂ ತಂದೆ. ಸೇವಂತಿಗೆಯೇ. ಗುಡೂರು ಹಂಗೇರಿಯಲ್ಲ. ಮಾಲೆ ಅಲ್ಲ, ಬಿಡಿ ಹೂವು. ಹೂವಿನವಳು ಎಂಟು ಹಾಕಿದ್ದಳು. ಮನೆಗೆ ಬಂದು ಎಣಿಸಿದೆ. ಒಂದು ತೆಗೆದು ಮಗ್ಗದ ಮೇಲಿಟ್ಟೆ. ಏಳು. ಹಾಳೆಗೆ ಬೆಲೆ ಕೊಟ್ಟೆ ಅಂತಲ್ಲ.

ಎಂಟೂವರೆಯಾಯಿತು ಅಂತ ಜಯಶ್ರೀ ಬಾಗಿಲಲ್ಲಿ ನಿಂತು ಕೂಗುತ್ತಿದ್ದಾಳೆ. ಬರ್ತೇನಿ ಅಂದೆ. ತಪ್ಪಾಯಿತು ಅನ್ನುವ ಮಾತು ನನ್ನ ಬಾಯಲ್ಲಿ ಎಂದೂ ನೆಟ್ಟಗೆ ಬಂದಿಲ್ಲ, ಬಯ್ಗುಳದಂತೆಯೇ ಕೇಳುತ್ತದೆ. ಅದಕ್ಕೇ ಇಲ್ಲಿ ಬರೆದು ಬಾಯಿಪಾಠ ಮಾಡಿಕೊಂಡು ಹೋಗೋಣ ಅಂತ ಕೂತೆ. ಅವಳು ಬಾಗಿಲು ತೆಗೆದರೆ ಮೊದಲು ಹೇಳಬೇಕಾದದ್ದು —