ಇಳಿಯುವವರಿಗೆ ಕಾಲಂ ಇಲ್ಲ

ಬಸ್ ಎಲ್ಲಿ ನಿಲ್ಲಬೇಕು, ಎಲ್ಲಿ ನಿಲ್ಲಬಾರದು ಎಂದು ತೀರ್ಮಾನಿಸುವ ಮಾನ್ಯ ಸಾರಿಗೆ ಅಧಿಕಾರಿಗಳೇ,

ದೊಡ್ಡಾಸ್ಪತ್ರೆಯ ಎದುರಿನ ನಿಲುಗಡೆಯನ್ನು ನೀವು ತೆಗೆದುಹಾಕಿದ್ದೀರಿ. ಎರಡೂ ಬದಿಯದನ್ನಲ್ಲ, ಆಸ್ಪತ್ರೆಗೆ ಹೋಗುವ ಬದಿಯದನ್ನು ಮಾತ್ರ. ಮನೆಗೆ ಮರಳುವವರಿಗೆ ಈಗಲೂ ಗೇಟಿನ ಎದುರೇ ಬಸ್ ಸಿಗುತ್ತದೆ. ಹೋಗುವವರು ಮಾತ್ರ ಅದೇ ಗೇಟನ್ನು ಕಿಟಕಿಯಿಂದ ಕಣ್ತುಂಬ ನೋಡಿ, ಮೇಲ್ಸೇತುವೆಯ ಆಚೆ ಇಳಿದು, ಅಷ್ಟೂ ದೂರ ಹಿಂದಕ್ಕೆ ನಡೆಯಬೇಕು. ಕಾಯಿಲೆಯವರಿಗೆ ನಡಿಗೆ, ಚಿಕಿತ್ಸೆ ಮುಗಿದವರಿಗೆ ಸವಾರಿ! ಇಷ್ಟು ಸೊಗಸಾದ ಏರ್ಪಾಡು ಯಾರ ತಲೆಗೆ ಹೊಳೆಯಿತು ಎಂದು ತಿಳಿಯಲೆಂದೇ ನಾನು ನಿಮ್ಮ ಕಚೇರಿಗೆ ಅಲೆಯತೊಡಗಿದ್ದು.

ನನಗೆ ಮದುವೆಯಾಗಿ ಮೂರು ತಿಂಗಳು. ಹೇಳಿಕೊಳ್ಳಲು ನಾಚಿಕೆಯೇನಿಲ್ಲ, ತುಂಬಾ ತುಂಬಾ ಖುಷಿಯಾಗಿದ್ದೇನೆ. ಗಂಡನಿಗೆ ಬೇಕರಿಯಲ್ಲಿ ಕೆಲಸ, ಮನೆಗೆ ಬಂದರೆ ಅಂಗಿಯೆಲ್ಲ ಬನ್ನಿನ ಘಮ. ನಸುಕಿಗೇ ಅವರು ಒಲೆಯ ಮುಂದಿರಬೇಕಾದ್ದರಿಂದ ಅತ್ತೆಯನ್ನು ಆಸ್ಪತ್ರೆಗೆ ಕರೆದೊಯ್ಯುವವಳು ನಾನು. ಅತ್ತೆಯ ಮೂತ್ರಪಿಂಡಗಳು ಕೈಕೊಟ್ಟಿವೆ. ವಾರಕ್ಕೆ ಮೂರು ದಿನ, ಬೆಳಿಗ್ಗೆ ಏಳರಿಂದ ಹನ್ನೊಂದರವರೆಗೆ ಡಯಾಲಿಸಿಸ್. ಮೊದಲ ಬಸ್ಸು ಹಿಡಿದರೂ ಮೇಲ್ಸೇತುವೆ ತಲುಪುವಾಗ ಏಳಕ್ಕೆ ಹತ್ತು ನಿಮಿಷ. ಅಲ್ಲಿಂದ ಅತ್ತೆ ನಾಲ್ಕು ಕಡೆ ನಿಂತು, ಎರಡು ಕಡೆ ಕೂತು, ಗೇಟು ಮುಟ್ಟುವ ಹೊತ್ತಿಗೆ ಏಳೂವರೆ. ಹನ್ನೊಂದಕ್ಕೆ ಆ ಯಂತ್ರ ಇನ್ನೊಬ್ಬರದು. ಅಂದರೆ ಪ್ರತಿ ಸಲವೂ ಅತ್ತೆಗೆ ಅರ್ಧ ಗಂಟೆ ಖೋತಾ.

ಕಾಲೇಜಿನಲ್ಲಿ ನಾನು ಓದಿದ್ದು ಸಾರ್ವಜನಿಕ ನೀತಿ, ಅದೂ ಇಂಗ್ಲಿಷಿನಲ್ಲಿ. ಎಷ್ಟು ಇಷ್ಟಪಟ್ಟು ಓದಿದ್ದೆ ಗೊತ್ತೇ? ಒಂದು ಸಿದ್ಧಾಂತದ ಪ್ರಕಾರ ಸರ್ಕಾರ ಸಮಸ್ಯೆಯನ್ನು ಗುರುತಿಸಿ, ಎಲ್ಲ ದಾರಿಗಳನ್ನೂ ತೂಗಿ ನೋಡಿ, ಒಳ್ಳೆಯದನ್ನು ಆರಿಸುತ್ತದೆ. ಇನ್ನೊಂದರ ಪ್ರಕಾರ ಅಷ್ಟೆಲ್ಲ ಯೋಚಿಸಲು ಯಾರಿಗೂ ಪುರುಸೊತ್ತಿಲ್ಲ, ಹೋದ ವರ್ಷದ ಕಡತವನ್ನೇ ಬೆರಳಗಲ ಅತ್ತಿತ್ತ ಸರಿಸುತ್ತಾರೆ. ಮೂರನೆಯದು ನನಗೆ ಅಚ್ಚುಮೆಚ್ಚು: ಸಮಸ್ಯೆ, ಪರಿಹಾರ, ರಾಜಕೀಯದ ಗಾಳಿ ಮೂರೂ ಬೇರೆ ಬೇರೆಯಾಗಿ ಸುತ್ತುತ್ತಿರುತ್ತವೆ, ಒಮ್ಮೆ ಕೂಡಿದಾಗ ಬದಲಾವಣೆಯ ಕಿಟಕಿ ತೆರೆಯುತ್ತದೆ, ಸಿದ್ಧರಾಗಿದ್ದವರು ಆಗ ನುಗ್ಗಬೇಕು. ನಿಮ್ಮ ಕಚೇರಿಯ ಕಿಟಕಿಯ ಮುಂದೆ ನಾನು ಐದು ಸಲ ಸಿದ್ಧಳಾಗಿ ನಿಂತೆ. ಮೂರು ಸಲ ಊಟದ ವಿರಾಮ, ಒಂದು ಸಲ ಸಭೆ. ಗೆಳೆಯರು ಹನಿಮೂನ್ ಎಲ್ಲಿ ಎಂದು ಕೇಳಿದರೆ ನನ್ನವರು, "ಸಾರಿಗೆ ಕಚೇರಿ, ಎರಡನೇ ಮಹಡಿ, ಟಪಾಲು ವಿಭಾಗ. ನನ್ನನ್ನ ಬಿಟ್ಟು ಅವಳೊಬ್ಳೇ ಹೋಗಿ ಬರ್ತಾಳೆ" ಅನ್ನುತ್ತಾರೆ.

ಈ ಮೂರನೇ ಸಿದ್ಧಾಂತವನ್ನು ಸೇತುವೆಯ ಕೆಳಗೆ ನಡೆಯುತ್ತಾ ಅತ್ತೆಗೂ ವಿವರಿಸಿದೆ. "ಎಲ್ಲಾ ಸರಿ ಕಣೇ, ಸ್ವಲ್ಪ ನಿಧಾನ ನಡಿ. ನಿನ್ನ ಸಿದ್ಧಾಂತಕ್ಕೆ ಉಬ್ಬಸ ಬರಲ್ಲ, ನಂಗೆ ಬರುತ್ತೆ" ಅಂದರು.

ಐದನೇ ಭೇಟಿಯಲ್ಲಿ ನಿಮ್ಮ ಹಿರಿಯ ಗುಮಾಸ್ತರು ಕರುಣೆ ತೋರಿ, ನಿಲುಗಡೆ ತೆಗೆಯಲು ಆಧಾರವಾದ ಪ್ರಯಾಣಿಕರ ಸಮೀಕ್ಷೆಯ ನಮೂನೆಯನ್ನೇ ಮುಂದಿಟ್ಟರು. ನಮ್ಮ ನಿಲುಗಡೆಯ ಹೆಸರಿನ ಮುಂದೆ, "ಹತ್ತಿದವರು" ಎಂಬ ಕಾಲಮ್ಮಿನಲ್ಲಿ, ದಿನವಿಡೀ ಸೇರಿ ಎರಡು.

"ಇಳಿದವರ ಕಾಲಂ ಎಲ್ಲಿ ಸಾರ್?"

"ಇಳಿದವರನ್ನ ಯಾಕಮ್ಮಾ ಎಣಿಸ್ಬೇಕು? ಅವರು ಹಿಂದೆ ಎಲ್ಲೋ ಹತ್ತಿದವರೇ ತಾನೇ? ಅಲ್ಲೂ ಬರ್ಕೊಂಡು ಇಲ್ಲೂ ಬರ್ಕೊಂಡ್ರೆ ಒಬ್ಬರೇ ಇಬ್ಬರಾಗಿಬಿಡ್ತಾರೆ."

"ಆಸ್ಪತ್ರೆ ಮುಂದೆ ಜನ ಇಳೀತಾರೆ ಸಾರ್. ಹತ್ತೋದು ಎದುರುಗಡೆ."

ಅವರು ಕನ್ನಡಕ ತೆಗೆದು, ಆ ಕಾಗದವನ್ನು ಮೊದಲ ಸಲ ನೋಡುವವರಂತೆ ನೋಡಿದರು. "ನೀವ್ ಹೇಳೋದೂ ಸರಿನೇ. ಆದ್ರೆ ಮತ್ತೆ ಶುರು ಮಾಡ್ಬೇಕಂದ್ರೆ ಬೇಡಿಕೆ ಇದೆ ಅಂತ ಮುಂದಿನ ಸಮೀಕ್ಷೆ ತೋರಿಸ್ಬೇಕು."

"ಅದು ಯಾವಾಗ?"

"ಎರಡು ವರ್ಷ ಆದ್ಮೇಲೆ. ಇರೋ ನಿಲುಗಡೆಗಳಲ್ಲಿ ಮಾತ್ರ ಮಾಡ್ತೀವಿ, ತೆಗೆದಿದ್ದರಲ್ಲಿ ಮಾಡೋಕಾಗಲ್ವಲ್ಲ."

ಮಾನ್ಯರೇ, ನನ್ನ ಪುಸ್ತಕಗಳೆಲ್ಲ ಯಾರೋ ಒಬ್ಬರು ನಿರ್ಧರಿಸುತ್ತಾರೆ ಎಂದು ನಂಬಿದ್ದವು. ಇಲ್ಲಿ ನಿರ್ಧರಿಸಿದವರು ಯಾರು? ನೀವಲ್ಲ, ನೀವು ಸಹಿ ಮಾಡಿದಿರಿ. ಗುಮಾಸ್ತರಲ್ಲ, ಅವರು ಕೂಡಿಸಿದರು. ಎಣಿಸಿದವರೂ ಅಲ್ಲ, ಅವರು ಕಂಡದ್ದನ್ನೇ ಬರೆದರು. ಯಾವ ಕಾಲದಲ್ಲೋ ಯಾರೋ ಗೆರೆ ಎಳೆದ ಒಂದು ಹಾಳೆ ತೀರ್ಮಾನ ಮಾಡಿತು. ಆ ಹಾಳೆಯ ಮೇಲೆ ಕೋಪ ಮಾಡಿಕೊಳ್ಳುವಷ್ಟು ಶಕ್ತಿಯೂ ನನ್ನಲ್ಲಿ ಈಗ ಉಳಿದಿಲ್ಲ. ಹೋದ ಮಂಗಳವಾರ ನಾನೇ ನಿಂತು ಎಣಿಸಿದೆ. ಮೇಲ್ಸೇತುವೆಯ ಬಳಿ ಮೊದಲ ಬಸ್ಸಿನಿಂದ ಇಳಿದವರು ಮೂವತ್ತೊಂದು ಜನ, ಅವರಲ್ಲಿ ಹಿಂದಕ್ಕೆ ನಡೆದವರು ಇಪ್ಪತ್ತಾರು. ಒಬ್ಬರ ಕೈಗೆ ಪಟ್ಟಿ, ಒಬ್ಬರು ತುಂಬು ಗರ್ಭಿಣಿ. ಕಂಡಕ್ಟರನ್ನೂ ಬೇಡಿಕೊಂಡೆ. "ಒಂದು ಸಾಲಿನ ಆರ್ಡರ್ ತನ್ನಿ ಮೇಡಂ, ಗೇಟಿಗೇ ಒತ್ತಿ ನಿಲ್ಲಿಸ್ತೀನಿ. ಸುಮ್ನೆ ನಿಲ್ಲಿಸಿದ್ರೆ ನಂಗೆ ನೋಟಿಸು" ಅಂದರು.

ಹೋದ ಶನಿವಾರ ಅತ್ತೆ ಚಪ್ಪಲಿ ಹಾಕಿಕೊಳ್ಳಲಿಲ್ಲ. "ವಾರಕ್ಕೆ ಎರಡು ಸಲ ಸಾಕು ಬಿಡೇ. ಮೂರನೇ ದಿನ ಮನೇಲಿ ಕೂತು ನಿಮ್ಮಿಬ್ರ ಮುಖ ನೋಡ್ತೀನಿ, ಅದೇ ಔಷಧಿ" ಅಂದು ನಕ್ಕರು. ಒಂದು ದಿನ ತಪ್ಪಿದ್ದಕ್ಕೇ ಕಾಲು ಊದಿದೆ. ಹೀಗೇ ಬಿಟ್ಟರೆ ನೀರು ಶ್ವಾಸಕೋಶಕ್ಕೆ ಸೇರುತ್ತದೆ ಎಂದು ಮುಂದಿನ ಸರದಿಗೆ ಹೋದಾಗ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು.

ನನಗೆ ಸಮಿತಿ ಬೇಡ, ಭರವಸೆ ಬೇಡ. ನಮೂನೆಗೆ ಒಂದು ಕಾಲಂ ನಿಧಾನವಾಗಿ ಸೇರಿಸಿಕೊಳ್ಳಿ. ಈಗ ಬೇಕಿರುವುದು ಆ ಒಂದು ಸಾಲಿನ ಆದೇಶ. ಈ ಶನಿವಾರದಿಂದ ಬಸ್ಸು ಗೇಟಿನ ಮುಂದೆಯೇ ನಿಲ್ಲುತ್ತದೆ, ಆದೇಶವಾಗಿದೆ ಎಂದು ಹೇಳಿ ಅತ್ತೆಯನ್ನು ಹೊರಡಲು ಒಪ್ಪಿಸಿದ್ದೇನೆ. ಈ ಮನೆಗೆ ಬಂದ ಮೇಲೆ ನಾನು ಅವರಿಗೆ ಹೇಳಿದ ಮೊದಲ ಸುಳ್ಳು ಅದು. ಶುಕ್ರವಾರ ಸಂಜೆಯೊಳಗೆ ಅದನ್ನು ನಿಜ ಮಾಡಿಕೊಡಿ.

ಇಂತಿ,
ಶನಿವಾರ ಸಿಕ್ಕಿಬೀಳಲಿರುವ ಹೊಸ ಸೊಸೆ