ಮೂರನೇ ಕ್ಲಾಸಿನ ಮಳೆ ಡಬ್ಬ

ಹೊಸಹಟ್ಟಿ, ಯಗಟಿ ಅಂಚೆ
ಶನಿವಾರ, ೧-೭-೧೯೭೮

ಮಗ ಬೀರಪ್ಪನಿಗೆ,

ನಿನ್ನ ಅವ್ವ ಕೆಂಚಮ್ಮ ನೂರು ಕಾಲ ಬಾಳು ಎಂದು ಹರಸಿ ಬರೆಯುತ್ತಿದ್ದೇನೆ. ಹೇಗಿದ್ದೀಯಪ್ಪಾ? ಹೋಗುವಾಗ ಇದ್ದ ಕೆಮ್ಮು ವಾಸಿಯಾಯಿತೋ, ಬೀಡಿಯ ಜೊತೆ ಅದನ್ನೂ ಸಾಕಿಕೊಂಡಿದ್ದೀಯೋ? ಅಜ್ಜಂಪುರದ ಆಚೆ ಗುಡ್ಡದ ಗಾಳಿ ಬಹಳ ತಣ್ಣಗಂತೆ. ಕಂಬಳಿಯನ್ನು ಮರಿಗಳಿಗೆ ಹೊದಿಸಿ ನೀನು ಬರೀ ಮೈಯಲ್ಲಿ ಮಲಗಬೇಡ, ನಿಮ್ಮಪ್ಪ ಹಾಗೆ ಮಾಡಿಯೇ ಎದೆನೋವು ತಂದುಕೊಂಡದ್ದು. ಇಲ್ಲಿ ನಾವೆಲ್ಲ ಗಟ್ಟಿಯಾಗಿದ್ದೇವೆ. ಕಲ್ಲಮ್ಮ ಕೈಮಗುವನ್ನು ಹೊಂಗೆ ಮರದ ನೆರಳಲ್ಲಿ ಮಲಗಿಸಿಕೊಂಡು ರಾಗಿ ಹೊಲ ಹಸನು ಮಾಡಿಸುತ್ತಿದ್ದಾಳೆ. ಮಗುವಿಗೆ ಎರಡು ಹಲ್ಲು ಬಂದಿವೆ. ಹಲ್ಲು ಬರುವ ಮೊದಲೇ ಕಚ್ಚುತ್ತಿತ್ತು, ಅತ್ತೆಯ ಬಾಯಿ ಬಂದಿದೆ ಅನ್ನುತ್ತಾಳೆ ನಿನ್ನ ಹೆಂಡತಿ. ಅನ್ನಲಿ, ಬರೀ ಕೈಯಲ್ಲಿ ಸೊಸೆ ಬಂದ ಮನೆಗೆ ಏನಾದರೂ ಆಸ್ತಿ ಬೇಡವೇ?

ಮಂದೆಯಿಂದ ಹಿಟ್ಟಿಗೆ ಬರುವ ಅಂಜಿನಪ್ಪನ ಕೈಯಲ್ಲಿ ನೀನು ಹೇಳಿ ಕಳಿಸಿದ ಮಾತು ಮುಟ್ಟಿತು. ಇಪ್ಪತ್ತೆರಡು ಕುರಿ ಈದಿವೆ, ಮಂದೆಯ ಹಿಂದೆ ನಡೆಯಲಾರದ ಮರಿಗಳನ್ನು ನೋಡಿಕೊಳ್ಳಲು ಜನ ಇಲ್ಲ, ದೊಡ್ಡ ಮಗಳು ಕಾಮಾಕ್ಷಿಯ ಹೆಸರನ್ನು ಸ್ಕೂಲಿನಲ್ಲಿ ಹೊಡೆಸಿ ಆರಿದ್ರೆ ಮಳೆ ಮುಗಿಯುವುದರೊಳಗೆ ಕಳಿಸು ಎಂದೆಯಂತೆ. ಅಂಜಿನಪ್ಪ ಪಾಪ, ಹೇಳಿ ಮುಗಿಸಿದವನೇ ಎರಡು ಹೆಜ್ಜೆ ಹಿಂದೆ ಸರಿದು, “ಅವ್ನು ಅಂದಿದ್ದು ಅಂದೆ ಕಣವ್ವ, ನನ್ ಮೇಲೆ ರೇಗ್ಬೇಡ” ಎಂದ. ನಾನು ರೇಗಲಿಲ್ಲ. ನಿಜ ಹೇಳಬೇಕೆಂದರೆ ನೀನು ಹೇಳಿದ್ದೇ ಸರಿ ಅನ್ನಿಸಿತು. ಹೆಣ್ಣುಮಗು ಮೂರನೇ ಕ್ಲಾಸಿಗೆ ಬಂದಿದೆ, ಬಸ್ಸಿನ ಬೋರ್ಡು ಓದುತ್ತದೆ, ಇನ್ನೆಷ್ಟು ಬೇಕು ಎಂದುಕೊಂಡು ಹೋದ ವಾರ ಶುಕ್ರವಾರ ಬೆಳಿಗ್ಗೆ ಹೆಸರು ಹೊಡೆಸಲು ನಾನೇ ಹೊರಟೆ.

ಹಿಂದಿನ ರಾತ್ರಿ ಗುಡುಗು ಸಮೇತ ಒಳ್ಳೆಯ ಮಳೆ ಆಗಿತ್ತು. ಸ್ಕೂಲು ಮುಟ್ಟುವಷ್ಟರಲ್ಲಿ ಮೊಣಕಾಲಿನ ತನಕ ಕೆಸರು. ಅಕ್ಷರ ಹೇಳಿಕೊಡುವ ಜಾಗಕ್ಕೆ ಆ ಕಾಲಲ್ಲಿ ಹತ್ತುವುದು ಹೇಗೆ? ನೋಡಿದರೆ ಅಂಗಳದ ನಡುವೆ ಮೂರು ಕಲ್ಲು ಕೂಡಿಸಿ, ತಲೆ ಕತ್ತರಿಸಿದ ಎಣ್ಣೆ ಡಬ್ಬವೊಂದನ್ನು ಇಟ್ಟಿದ್ದಾರೆ, ತಳದಲ್ಲಿ ನೀರಿದೆ. ಈ ಅಜ್ಜಂಪುರದ ತೀರ್ಥಪ್ಪ ಮೇಷ್ಟ್ರು ಹೊಸಬನಾದರೂ ಮರ್ಯಾದೆ ತಿಳಿದವನು, ಬರುವವರ ಕಾಲಿಗೆ ನೀರಿಟ್ಟಿದ್ದಾನೆ ಎಂದು ಮನಸ್ಸಿನಲ್ಲೇ ಹೊಗಳಿಕೊಂಡು ಬಲಗಾಲು ತೊಳೆದೆ, ಎಡಗಾಲೂ ತೊಳೆದೆ. ಉಳಿದದ್ದನ್ನು ಹಿಮ್ಮಡಿಗೆ ಸುರಿದುಕೊಳ್ಳುವಾಗ ಮೂರನೇ ಕ್ಲಾಸು ಪೂರ್ತಿ ಹೊರಗೆ ಓಡಿ ಬಂತು, ಎಲ್ಲರಿಗಿಂತ ಮುಂದೆ ನಿನ್ನ ಮಗಳು, ಕೈಯಲ್ಲಿ ಸ್ಕೇಲು. “ಅಯ್ಯೋ ಅಜ್ಜೀ, ಅದು ರಾತ್ರಿ ಮಳೆ ಕಣಜ್ಜಿ! ನಾನಿನ್ನೂ ಅಳ್ದೇ ಇಲ್ಲ!” ನನಗೆ ಅರ್ಥವೇ ಆಗಲಿಲ್ಲ. “ಅಳೆಯೋಕೆ ಅದೇನು ರಾಗಿಯೇನೇ?” ಎಂದೆ. ಮಕ್ಕಳು ಬಿದ್ದು ಬಿದ್ದು ನಕ್ಕವು. ಆಮೇಲೆ ಮೇಷ್ಟ್ರು ತಿಳಿಸಿ ಹೇಳಿದರು. ದಸರಾ ರಜದ ತನಕ ಮೂರನೇ ಕ್ಲಾಸಿನವರು ದಿನಾ ಬೆಳಿಗ್ಗೆ ಡಬ್ಬದೊಳಗೆ ಸ್ಕೇಲು ಇಳಿಸಿ, ಹಿಂದಿನ ದಿನ ಬಿದ್ದ ಮಳೆ ಎಷ್ಟು ಗೆರೆ ಎಂದು ನೋಡಿ, ಗೋಡೆಗೆ ಅಂಟಿಸಿದ ದೊಡ್ಡ ಹಾಳೆಯಲ್ಲಿ ಬರೆಯಬೇಕಂತೆ. ದಿನಕ್ಕೊಬ್ಬರ ಸರದಿ. ಅಂದು ಕಾಮಾಕ್ಷಿಯದು.

ಮಗುವಿನ ಮುಖ ಬಾಡಿ ಹೋಗಿತ್ತು. ತಪ್ಪು ನನ್ನದೇ ಆದ್ದರಿಂದ ನಾನೇ ದಾರಿ ತೋರಿಸಿದೆ, “ಅಳ್ಬೇಡ ಕಣೇ, ಎರಡು ಬೆರಳು ಇತ್ತು, ನಾನೇ ಕಣ್ಣಾರೆ ನೋಡಿದೀನಿ, ಹಂಗೇ ಬರ್ಕೊ.” ಹಿಂದಿನಿಂದ ಒಬ್ಬ ಹುಡುಗ, “ಸೊನ್ನೆ ಹಾಕೇ, ಡಬ್ಬ ಖಾಲಿ ಅಲ್ವಾ” ಎಂದ. ಮೇಷ್ಟ್ರು ಕೈಕಟ್ಟಿ ನಿಂತಿದ್ದರು, ಹೀಗೆ ಮಾಡು, ಹಾಗೆ ಮಾಡು ಅನ್ನಲಿಲ್ಲ. ಇವಳು ಮೂಗು ಒರೆಸಿಕೊಂಡು ಹೇಳಿದಳು, “ನೀನು ನೋಡಿದ್ದು ಕಣಜ್ಜಿ, ಅಳ್ದಿದ್ದಲ್ಲ. ಸೊನ್ನೆ ಹಾಕಿದ್ರೆ ಮಳೇನೇ ಬರ್ಲಿಲ್ಲ ಅಂದಂಗಾಯ್ತದೆ.” ಹೇಳಿ ಒಳಗೆ ಹೋಗಿ, ಸ್ಟೂಲು ಹತ್ತಿ, ಹಾಳೆಯ ಮೇಲೆ ದುಂಡಗೆ ಬರೆದಳು: ‘ಮಳೆ ಬಂತು. ಅಳೆಯಲಿಲ್ಲ. ಅಜ್ಜಿ ಕಾಲು ತೊಳೆದರು.’ ಮೊದಲು ಮೈಯೆಲ್ಲ ಉರಿಯಿತು. ಮದುವೆಯಾಗಿ ಬಂದು ಇಷ್ಟು ವರ್ಷ ಈ ಊರಲ್ಲಿ ಬಾಳಿ ಗೋಡೆ ಏರಿದ್ದು ಇದಕ್ಕಾಗಿಯೇ ಅನ್ನಿಸಿತು. ಇನ್ನೊಂದು ಸಲ ಓದಿದೆ. ಅದರಲ್ಲಿ ಸುಳ್ಳು ಎಲ್ಲಿದೆ ಹೇಳು? ನನ್ನನ್ನೂ ಬಿಟ್ಟುಕೊಡಲಿಲ್ಲ, ತೊಳೆದಳು ಅನ್ನದೆ ತೊಳೆದರು ಅಂದಿದ್ದಾಳೆ. ನೀನು ಅವಳ ವಯಸ್ಸಿನಲ್ಲಿ ಅಚ್ಚು ಬೆಲ್ಲ ಪೂರ್ತಿ ತಿಂದು ಇರುವೆಗಳ ಮೇಲೆ ದೂರು ಹೇಳಿದವನು. ಈ ಬುದ್ಧಿ ನಿನ್ನಿಂದ ಬಂದದ್ದಲ್ಲ ಬಿಡು.

ಆದರೂ ಮಕ್ಕಳೆದುರು ಸೋತು ಹೋಗುವುದು ನನ್ನಿಂದ ಆಗುತ್ತದೆಯೇ? “ಅಳ್ದು ಏನ್ ಮಾಡ್ತೀರಿ ಮೇಷ್ಟ್ರೇ? ರಾತ್ರಿ ಗುಡುಗಿದ್ದು ಕೇಳ್ಳಿಲ್ವಾ? ಆರಿದ್ರೆ ಗುಡುಗಿದ್ರೆ ಮುಂದೆ ಆರು ಮಳೆ ಇಲ್ಲ. ಡಬ್ಬ ಕವುಚಿ ಹಾಕಿ, ಕೋಳಿಯಾದ್ರೂ ಕೂತ್ಕೊಂತವೆ” ಎಂದೆ. ಬೇರೆ ಮೇಷ್ಟ್ರಾಗಿದ್ದರೆ ಮೂಢ ಮುದುಕಿ ಎಂದು ನಕ್ಕು ಕಳಿಸುತ್ತಿದ್ದ. ಈ ಮನುಷ್ಯ ತನ್ನ ಕುರ್ಚಿ ತಂದು ಹಾಕಿ, “ಕೂತ್ಕೊಳಿ ಅಜ್ಜಿ, ಆ ಆರು ಮಳೆ ಯಾವುವು ಹೇಳಿ” ಎಂದರು. ಪುನರ್ವಸು, ಪುಷ್ಯ, ಆಶ್ಲೇಷ, ಮಘೆ, ಹುಬ್ಬೆ, ಉತ್ತರೆ ಎಂದು ನಾನು ಹೇಳುತ್ತಾ ಹೋದೆ, ಮಕ್ಕಳು ಸ್ಲೇಟಿನ ಮೇಲೆ ಬರೆದುಕೊಂಡವು. ಮೇಷ್ಟ್ರು ಹಾಳೆಯಲ್ಲಿ ಜುಲೈ, ಆಗಸ್ಟು, ಸೆಪ್ಟೆಂಬರಿನ ಪಕ್ಕದಲ್ಲಿ ನಮ್ಮ ಮಳೆಗಳ ಹೆಸರನ್ನೂ ಕೂಡಿಸಿದರು. ಅಷ್ಟು ಮಾಡಿ ತಿರುಗಿ, “ಮಕ್ಕಳೇ, ಅಜ್ಜಿ ಮಾತು ನಿಜವೋ ಸುಳ್ಳೋ, ದಸರಾದೊಳಗೆ ಅಳ್ದು ನೋಡೋಣ” ಎಂದರು ಕಣೋ! ಕೆಂಚಮ್ಮನ ಮಾತಿಗೆ ಪರೀಕ್ಷೆ! “ಸುಳ್ಳಾದ್ರೆ?” ಎಂದೆ. “ಸುಳ್ಳಾದ್ರೆ ಒಳ್ಳೇದೇ ಅಲ್ವಾ ಅಜ್ಜಿ, ಮಳೆ ಬಂದಂಗಾಯ್ತು” ಎಂದರು. ನನ್ನ ಬಾಯಿ ಕಟ್ಟಿಸಿದ ಗಂಡಸು ಈ ಸೀಮೆಯಲ್ಲಿ ಅವರೊಬ್ಬರೇ.

ಇದೊಂದೇ ಅಲ್ಲ. ಊರನ್ನು ಹೆಜ್ಜೆಯಲ್ಲಿ ಅಳೆದು ಬಾವಿ, ಗುಡಿ, ಕೆರೆ ಏರಿ ಎಲ್ಲ ತೋರುವ ನಕ್ಷೆ ಬರೆಯುತ್ತಾರಂತೆ. ಸೇರಿನಲ್ಲಿ ಅಳೆದ ರಾಗಿಯನ್ನು ಕಿಲೋದಲ್ಲಿ ತೂಗಿ ಎರಡನ್ನೂ ಹೊಂದಿಸುತ್ತಾರಂತೆ, ಅದಕ್ಕೆ ನಮ್ಮ ಮನೆಯ ಸೇರು ಕೇಳಿದ್ದಾರೆ, ಕೊಟ್ಟಿದ್ದೇನೆ. ಹನ್ನೆರಡರ ತನಕ ಮಗ್ಗಿ. ರಜಕ್ಕೆ ಮುಂಚೆ ಒಂದು ದಿನ ಬಸ್ಸಿನಲ್ಲಿ ಅಜ್ಜಂಪುರಕ್ಕೆ ಕರೆದುಕೊಂಡು ಹೋಗಿ, ಸ್ಟೇಷನ್ನಿನ ಬೋರ್ಡಿನಲ್ಲಿ ರೈಲಿನ ಹೊತ್ತು ಓದುವುದನ್ನು ಕಲಿಸಿ, ರೈಲು ಬರುವ ತನಕ ಕಾದು, ಹೇಳಿದ ಹೊತ್ತಿಗೆ ಬಂತೋ ಇಲ್ಲವೋ ಬರೆಸುತ್ತಾರಂತೆ. ರೈಲಿನವರನ್ನೂ ಬಿಡುವುದಿಲ್ಲ ಈ ಮಕ್ಕಳು! ಕೊನೆಗೆ ಮೇಷ್ಟ್ರು ಇನ್ನೊಂದು ಮಾತು ಹೇಳಿದರು. ಇನ್ನು ಮೇಲೆ ಸರದಿ ಬೇಡ, ದಸರಾ ತನಕ ಡಬ್ಬ ಕಾಮಾಕ್ಷಿಯದೇ. “ಅಳೀದೇ ಇದ್ದಿದ್ದನ್ನ ಅಳೀಲಿಲ್ಲ ಅಂತ ಬರ್ಯೋರು ಬೇಕು ಇದಕ್ಕೆ.” ಹೆಸರು ಹೊಡೆಸಲು ಬಂದವಳು ನಾನು. ಬಂದ ಕೆಲಸ ಅಲ್ಲೇ ಬಿಟ್ಟು, ಎದ್ದು ಬಂದೆ.

ಅಂದಿನಿಂದ ದಿನವೂ ಅವಳನ್ನು ನೋಡುತ್ತಿದ್ದೇನೆ. ಹೇಳಿಸಿಕೊಳ್ಳದೆ ಏಳುತ್ತಾಳೆ. ಭಾನುವಾರ ಸ್ಕೂಲಿಲ್ಲದಿದ್ದರೂ ಹೋದಳು. ಡಬ್ಬದ ಮುಂದೆ ಮಂಡಿಯೂರಿ, ಕೆನ್ನೆ ಹೆಚ್ಚುಕಡಿಮೆ ನೆಲಕ್ಕೆ ತಾಗಿಸಿ, ಸ್ಕೇಲಿನ ಮೇಲೆ ಒದ್ದೆ ಎಲ್ಲಿಗೆ ನಿಂತಿದೆ ಎಂದು ಒಂದೇ ಕಣ್ಣಲ್ಲಿ ನೋಡುತ್ತಾಳೆ. ಮಂಗಳವಾರ ಬರೀ ತುಂತುರು. ಒಂದೇ ಗೆರೆ ಎಂದಳು. “ಎರಡು ಮಾಡೇ, ಬಡವರ ಮಳೆ” ಎಂದು ನಾನು ತಮಾಷೆಗೆ ಅಂದರೆ, ಲಂಚ ಕೊಡಲು ಬಂದವಳನ್ನು ನೋಡುವ ಹಾಗೆ ನೋಡಿದಳು. ನಿನ್ನ ಮಾತು ಅವಳ ಕಿವಿಗೂ ಬಿದ್ದಿದೆ. ಹೋಗುವುದಿಲ್ಲ ಅನ್ನಲಿಲ್ಲ. “ಅಜ್ಜಿ, ನಾನು ಹೋದ್ ಮೇಲೆ ಡಬ್ಬ ಯಾರು ನೋಡ್ತಾರೆ?” ಎಂದು ಮಾತ್ರ ಕೇಳಿದಳು. ನಿನ್ನ ಮರಿಗಳಿಗೂ ಜನ ಬೇಕು, ಅದೂ ಸುಳ್ಳಲ್ಲ. ನಾಲ್ಕು ರಾತ್ರಿ ನಿದ್ದೆಗೆಟ್ಟು ಯೋಚನೆ ಮಾಡಿದೆ.

ಈ ಕಾಗದವನ್ನು ಮೇಷ್ಟ್ರೇ ತರುತ್ತಾರೆ. ಶನಿವಾರ ಮಧ್ಯಾಹ್ನ ಅಜ್ಜಂಪುರಕ್ಕೆ, ತಮ್ಮ ಊರಿಗೆ ಹೋಗುವವರು, ಅಲ್ಲಿ ಬಸವರಾಜಪ್ಪನವರ ಅಂಗಡಿಯಲ್ಲಿ ಕೊಟ್ಟಿರುತ್ತಾರೆ. ನಾಳೆ ನೀನು ಉಪ್ಪು ಕೊಳ್ಳಲು ಹೋದಾಗ ಸಿಗುತ್ತದೆ. ಅನ್ನದಗುಳು ಹಚ್ಚಿ ಎರಡು ಸಲ ಅಂಟಿಸಿದ್ದೇನೆ, ನಾನು ಹೊಗಳಿದ್ದನ್ನು ಓದಿಕೊಂಡು ಅವರು ಉಬ್ಬುವುದು ಬೇಡ. ನಾಲ್ಕನೇ ಕ್ಲಾಸು ಮುಗಿಸಿದವನು ನೀನು, ಬೇರೆಯವರ ಕೈಲಿ ಓದಿಸಬೇಡ. ಅಂಗಡಿಯವರಿಗೆ ಶರಣು ಹೇಳು. ನಿನಗೂ ಮಂದೆಗೂ ಬೀರದೇವರ ಕಣ್ಣು ಇರಲಿ, ತೋಳದ ಕಣ್ಣು ತಪ್ಪಲಿ.

ನಿನ್ನ ಅವ್ವ
ಕೆಂಚಮ್ಮ

ಹೇಳಲೇಬೇಕಾದದ್ದು: ಮೇಷ್ಟ್ರು ಬಸ್ಸಿಗೆ ಹೊತ್ತಾಯಿತು ಎಂದು ಬಾಗಿಲಲ್ಲಿ ನಿಂತಿದ್ದಾರೆ. ಸೋಮವಾರ ಅಂಜಿನಪ್ಪ ಹಿಟ್ಟು ಹೊತ್ತುಕೊಂಡು ಬರುವಾಗ ಅವನ ಜೊತೆ ಮರಿ ಕಾಯಲು ನೀನು ಕೇಳಿದ ಹಾಗೆ ಒಬ್ಬರು ಬರುತ್ತಾರೆ. ಕಾಮಾಕ್ಷಿ ಅಲ್ಲ, ನಾನು. ಎರಡನೇ ಕ್ಲಾಸಿಗೆ ಬಿಡಿಸಿ ನಮ್ಮಪ್ಪ ನನ್ನನ್ನು ಹಾಕಿದ್ದು ಇದೇ ಕೆಲಸಕ್ಕೆ. ಹಾಲು ಕೊಡದೆ ಒದೆಯುವ ತಾಯಿಕುರಿಯ ಕಾಲು ಹಿಡಿದು ಮರಿಗೆ ಕುಡಿಸುವುದು ನನಗೆ ಇನ್ನೂ ಬರುತ್ತದೆ. ಕಲ್ಲಮ್ಮ ಒಪ್ಪಿದ್ದಾಳೆ. ದಸರಾ ತನಕ ಇರುತ್ತೇನೆ. ವಯಸ್ಸು, ಮಂಡಿನೋವು ಎಂದೆಲ್ಲ ನೀನು ಶುರು ಮಾಡಬೇಡ. ಬೇಡ ಎಂದು ನೀನು ಕಾಗದ ಬರೆದು ಅದು ಇಲ್ಲಿಗೆ ಬರುವಷ್ಟರಲ್ಲಿ ನಾನು ಅಲ್ಲಿರುತ್ತೇನೆ. ಅಜ್ಜಂಪುರದ ಬಸ್ ಸ್ಟ್ಯಾಂಡಿಗೆ ಬಂದು ನಿಂತಿರು.