ನಿವೃತ್ತರಾದ ಸೇವಂತಕ್ಕನ ಪಾಸ್‌ವರ್ಡು ಮತ್ತು ನನ್ನ ತಪ್ಪೊಪ್ಪಿಗೆ

ನಮ್ಮ ಆಸ್ಪತ್ರೆಯ ಕಂಪ್ಯೂಟರ್ ವಿಭಾಗದ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ಎರಡು ವರ್ಷದ ಹಿಂದೆ ನಿವೃತ್ತರಾದ ಹೆಡ್ ನರ್ಸ್ ಸೇವಂತಕ್ಕನಿಗೆ ತಾವು ಕಳಿಸಿರುವ ನೋಟಿಸು ನನಗೆ ಬರಬೇಕಾದದ್ದು. ಇದನ್ನು ಹೇಳಲು ಹತ್ತೊಂಬತ್ತು ದಿನ ತಮ್ಮ ಬಾಗಿಲಿಗೆ ಅಲೆದೆ. ತಾವು ಸಿಗಲಿಲ್ಲ. ಪತ್ರಿಕೆಯನ್ನಾದರೂ ಓದುತ್ತೀರೆಂದು ಇಲ್ಲಿ ಬರೆಯುತ್ತಿದ್ದೇನೆ.

ನೋಟಿಸಿಗೆ ಕಾರಣವಾದ ಆ ಸೋಮವಾರ ನಾಲ್ಕು ದಿನದ ರಜೆ ಮುಗಿಸಿ ವಾರ್ಡಿಗೆ ಬಂದಿದ್ದೆ. ಬೆಳಿಗ್ಗೆ ಹತ್ತರ ಸುಮಾರಿಗೆ ಕುರ್ಲಾದ ವಠಾರದಂಥ ಚಾಳೊಂದರಿಂದ ಅರವತ್ತರ ಇಮಾಮಬಿಯನ್ನು ಮಗ ಜುಲ್ಫಿಕಾರ ಕರೆತಂದ. ಹೊಟ್ಟೆಯ ಹುಣ್ಣು ಒಡೆದು ಆಕೆ ರಕ್ತ ಕಾರುತ್ತಿದ್ದಳು. ಡಾಕ್ಟರು ಎರಡು ಬಾಟಲಿ ರಕ್ತ ತರಿಸಲು ಹೇಳಿ ಬೇರೊಂದು ಆಪರೇಷನ್ನಿಗೆ ಓಡಿದರು. ಮೊದಲಾದರೆ ಚೀಟಿ ಬರೆದು ಕಳಿಸುತ್ತಿದ್ದೆವು. ಈಗ ಕಂಪ್ಯೂಟರಿನಲ್ಲಿ ಬೇಡಿಕೆ ಬಾರದೆ ಬಾಟಲಿ ಮುಟ್ಟಕೂಡದೆಂದು ಬ್ಲಡ್ ಬ್ಯಾಂಕಿಗೆ ತಮ್ಮ ಆಜ್ಞೆ. ನನ್ನ ಪಾಸ್‌ವರ್ಡಿನ ಮೂವತ್ತು ದಿನದ ಆಯುಷ್ಯ ಹಿಂದಿನ ದಿನವೇ ಮುಗಿದಿತ್ತು. ಎಚ್ಚರಿಕೆಯನ್ನು ಈಮೇಲಿನಲ್ಲಿ ಕಳಿಸಿದ್ದಿರಂತೆ. ಆಸ್ಪತ್ರೆಯ ಕಂಪ್ಯೂಟರಿನಲ್ಲಿ ಮಾತ್ರ ತೆರೆಯುವ ಈಮೇಲನ್ನು ರಜೆಯಲ್ಲಿರುವವಳು ಎಲ್ಲಿ ಕೂತು ಓದಬೇಕು, ಮಾನ್ಯರೇ?

ಸಹಾಯವಾಣಿಗೆ ಫೋನ್ ಮಾಡಿದೆ.

"ಮೇಡಮ್, ಅಪನೇ ಅಕೌಂಟ್ ಸೇ ಈಮೇಲ್ ಕೀಜಿಯೇ. ಚೌಬೀಸ್ ಘಂಟೇ ಲಗೇಂಗೇ."

ನನ್ನ ಅಕೌಂಟೇ ಮುಚ್ಚಿದೆ, ಈಮೇಲ್ ಹೇಗೆ ಕಳಿಸಲಿ ಎಂದು ಕೇಳುವಷ್ಟರಲ್ಲಿ ಫೋನ್ ಇಟ್ಟಾಗಿತ್ತು. ಇಪ್ಪತ್ತನಾಲ್ಕು ತಾಸು! ಇಮಾಮಬಿಯ ನಾಡಿ ಕೈಗೆ ಸಿಗುವುದೇ ಕಷ್ಟವಾಗಿತ್ತು. ಜೊತೆಗಿದ್ದ ನರ್ಸ್ ಶೈಲಾ ಕೆಲಸಕ್ಕೆ ಸೇರಿ ತಿಂಗಳು ಕಳೆದರೂ ಆಕೆಗೆ ಖಾತೆಯೇ ಮಂಜೂರಾಗಿರಲಿಲ್ಲ.

"ಸಿಸ್ಟರ್, ಅಮ್ಮೀ ಕೈ ಥಂಡ ಆಗ್ಯಾವ್ರಿ. ರಕ್ತ ಯಾವಾಗ ಹಚ್ತೀರಿ?" ಎಂದ ಜುಲ್ಫಿಕಾರ.

"ಈಗ ತರಸ್ತೀನಪ್ಪಾ," ಎಂದೆ. ಹೇಗೆ ಎಂಬುದು ನನಗೂ ಗೊತ್ತಿರಲಿಲ್ಲ.

ಆಗ ಶೈಲಾ ಮೆಲ್ಲಗೆ, "ಸೇವಂತಕ್ಕಂದು ಇನ್ನೂ ನಡೀತದಲ್ರೀ," ಎಂದಳು. ನಡೆಯುತ್ತಿತ್ತು. ಅವಧಿಯ ನಿಯಮವನ್ನು ಹಳೆಯ ಖಾತೆಗಳಿಗೆ ಅನ್ವಯಿಸಲು ತಾವು ಮರೆತಿದ್ದಿರಿ. ದುಡಿಯುವವರ ಖಾತೆ ತಿಂಗಳಿಗೊಮ್ಮೆ ಸಾಯುತ್ತದೆ, ಮನೆಗೆ ಹೋದವರದು ಚಿರಂಜೀವಿ. ಅವರ ಪಾಸ್‌ವರ್ಡು ಇಡೀ ವಾರ್ಡಿಗೆ ಗೊತ್ತು. ಅದನ್ನೇ ಒತ್ತಿದೆ. ಹದಿನೈದು ನಿಮಿಷದಲ್ಲಿ ರಕ್ತ ಬಂತು. ಎಂಟನೆಯ ದಿನ ಇಮಾಮಬಿ ತನ್ನ ಕಾಲ ಮೇಲೆ ನಡೆದು ಮನೆಗೆ ಹೋದಳು.

ಅದಾದ ಮೇಲೆ ತಮ್ಮ ವಿಭಾಗಕ್ಕೆ ಎಚ್ಚರವಾಯಿತು. ಕರ್ತವ್ಯದಲ್ಲಿಲ್ಲದೆ ರಕ್ತ ತರಿಸಿದ್ದೇಕೆಂದು ಸೇವಂತಕ್ಕನಿಗೆ ನೋಟಿಸು ಹೋಯಿತು. ಮೊಣಕಾಲು ಬಾತಿರುವ ಆ ಹೆಂಗಸು ದೂರದ ದಹಿಸರಿನಿಂದ ಲೋಕಲ್ ರೈಲಿನಲ್ಲಿ ಬಂದು ತಮ್ಮ ಕಚೇರಿಯ ಹೊರಗೆ ಮೂರು ತಾಸು ಕೂತರು.

"ಶಿವಾ, ನಾ ಏನ್ ಕದ್ದೀನಿ ಅಂತ ಕರಸ್ಯಾರವ್ವಾ?" ಎಂದು, ಸುದ್ದಿ ಕೇಳಿ ಅಲ್ಲಿಗೆ ಓಡಿಹೋದ ನನ್ನ ಕೈ ಹಿಡಿದರು. ಮೂವತ್ತನಾಲ್ಕು ವರ್ಷದ ಸೇವೆಯಲ್ಲಿ ಅವರು ಯಾರ ಎದುರೂ ತಲೆ ತಗ್ಗಿಸಿದವರಲ್ಲ. ನನಗೆ ನೆಲ ಬಿರಿಯಬಾರದೇ ಅನಿಸಿತು. "ನೀವಲ್ಲಕ್ಕಾ, ನಾನು," ಎಂದು ನಡೆದದ್ದನ್ನು ಹೇಳಿದೆ. ಅವರು, "ಆಕಿ ಉಳದ್ಳೇನು?" ಎಂದಷ್ಟೇ ಕೇಳಿದರು.

ಅಲ್ಲೇ ಕೂತು ತಪ್ಪೊಪ್ಪಿಗೆ ಬರೆದು ತಮ್ಮ ಗುಮಾಸ್ತರಿಗೆ ಕೊಟ್ಟೆ. ಕೈಬರಹದ ಅರ್ಜಿ ನಡೆಯುವುದಿಲ್ಲ, ನಿಮ್ಮ ಸ್ವಂತ ಖಾತೆಯ ಮೂಲಕ ಸಲ್ಲಿಸಿ ಎಂದರು. ನನ್ನ ಖಾತೆ ಅಂದಿಗೂ ತೆರೆದಿರಲಿಲ್ಲ, ಇಂದಿಗೂ ತೆರೆದಿಲ್ಲ. ತಪ್ಪು ಮಾಡಲು ಬೇರೆಯವರ ಪಾಸ್‌ವರ್ಡು ಸಾಕಾಯಿತು, ಒಪ್ಪಿಕೊಳ್ಳಲು ಮಾತ್ರ ನನ್ನದೇ ಬೇಕಂತೆ.

ಬೀಗ ಬೇಡವೆನ್ನುವಷ್ಟು ದಡ್ಡಿಯಲ್ಲ ನಾನು. ರೋಗಿಗಳ ಗುಟ್ಟು ಕಾಯಬೇಕು, ಯಾರು ಏನು ಮಾಡಿದರೆಂಬುದು ದಾಖಲಾಗಬೇಕು. ಆದರೆ ಬೀಗ ಹಾಕಿದವರು ಕೀಲಿ ಹಿಡಿದು ಹತ್ತಿರದಲ್ಲಿರಬೇಡವೇ? ಒಬ್ಬರ ಹೆಸರಲ್ಲಿ ಇಡೀ ವಾರ್ಡು ಕೆಲಸ ಮಾಡುವ ಸ್ಥಿತಿಗೆ ನಮ್ಮನ್ನು ತಂದಿಟ್ಟು, ಆ ದಾಖಲೆಯನ್ನು ಸಾಕ್ಷಿ ಎಂದು ಕರೆಯುವುದು ಯಾವ ನ್ಯಾಯ? ವಾದಿಸಲೂ ಈಗ ಶಕ್ತಿಯಿಲ್ಲ. ಕೇಳಬೇಕಾದ್ದನ್ನು ಕೇಳಿ ಮುಗಿಸುತ್ತೇನೆ.

ಸೇವಂತಕ್ಕನ ನೋಟಿಸನ್ನು ಹಿಂದಕ್ಕೆ ಪಡೆದು, ಅವರ ಮನೆಗೆ ಒಂದು ಕ್ಷಮಾಪಣೆಯ ಪತ್ರ ಕಳಿಸಿ. ಶೈಲಾಳಿಗೆ ಖಾತೆ ಕೊಡಿ. ಪಾಸ್‌ವರ್ಡು ಮುಗಿದ ಗಳಿಗೆಯಲ್ಲಿ ಕರೆದರೆ ಒಬ್ಬ ಮನುಷ್ಯ ಎದ್ದು ವಾರ್ಡಿಗೆ ಬರುವಂತೆ ಮಾಡಿ. ಅಲ್ಲಿಯವರೆಗೆ ಚೀಟಿಗೂ ರಕ್ತ ಕೊಡಲು ಹೇಳಿ. ಆಮೇಲೆ ನೋಟಿಸಿನಲ್ಲಿ ನನ್ನ ಹೆಸರು ಬರೆಯಿರಿ. ಮತ್ತೆ ಅಂಥ ಬೆಳಗು ಬಂದರೆ ಏನು ಮಾಡುತ್ತೀ ಎಂದು ವಿಚಾರಣೆಯಲ್ಲಿ ಕೇಳಿದರೆ, ಅದನ್ನೇ ಮಾಡುತ್ತೇನೆಂದು ಹೇಳುವವಳಿದ್ದೇನೆ.

ಇಂತಿ,
ದಿನಾ ಕೆಲಸಕ್ಕೆ ಬರುತ್ತಿದ್ದರೂ ತಮ್ಮ ಕಂಪ್ಯೂಟರಿನ ಪಾಲಿಗೆ ಇಲ್ಲದವಳು,
ಶಿವಕುಮಾರಿ, ಸ್ಟಾಫ್ ನರ್ಸ್